ಹೊಲದ ಎಣ್ಣೆ, ಸಂಜೆಯ ಎಣ್ಣೆ: ಎರಡನ್ನೂ ತೊಳೆಯೋದು ಒಂದೇ ಲಿವರ್

ಬೆಳಗ್ಗೆ ಆರಕ್ಕೆ ಪಂಪ್ ಬೆನ್ನಿಗೇರಿಸಿದರೆ ಬಿಸಿಲು ಏರೋ ಹೊತ್ತಿಗೆ ಹತ್ತು ಟ್ಯಾಂಕ್ ಔಷಧಿ ಮುಗಿದಿರುತ್ತೆ. ಅಂಗಿ ಬೆನ್ನಿಗೆ ಅಂಟಿರುತ್ತೆ, ಮನೆಗೆ ಬರುವಾಗ ತಲೆ ಭಾರ. ಒಂದು ಪ್ಯಾರಾಸಿಟಮಾಲ್ ನುಂಗಿ ಮಲಗ್ತೀರಿ. ಸಂಜೆ ಗೆಳೆಯರು ಫೋನ್ ಮಾಡ್ತಾರೆ: "ಬಾರೋ, ಒಂದು ಕ್ವಾರ್ಟರ್ ಹಾಕು, ಔಷಧಿ ವಾಸನೆಯೆಲ್ಲ ಇಳಿದುಹೋಗುತ್ತೆ." ರಾತ್ರಿ ಮತ್ತೆ ತಲೆನೋವು, ಮತ್ತೊಂದು ಮಾತ್ರೆ.

ಬಹಳಷ್ಟು ಊರುಗಳಲ್ಲಿ ಇದು ಮಾಮೂಲಿ ದಿನಚರಿ. ಉತ್ತರ ಕರ್ನಾಟಕದ ಕಡೆ ಕೀಟನಾಶಕಕ್ಕೂ "ಎಣ್ಣಿ" ಅಂತಾರೆ, ಸಂಜೆ ಬಾಟಲಿಗೂ ಎಣ್ಣೆ ಅಂತಾರೆ. ಹೆಸರು ಒಂದೇ ಆಗಿರೋದು ಕಾಕತಾಳೀಯ ಇರಬಹುದು. ಆದರೆ ಈ ಎರಡು ಎಣ್ಣೆ, ಜೊತೆಗೆ ಆ ಮಾತ್ರೆ, ಮೂರೂ ಹೋಗಿ ಸೇರೋ ಜಾಗ ಒಂದೇ: ನಿಮ್ಮ ಲಿವರ್.

ಲಿವರ್ ಸರಿಯಾಗಿ ಹೇಗೆ ಕೆಲಸ ಮಾಡುತ್ತೆ ಅಂತ ಒಮ್ಮೆ ಅರ್ಥವಾದರೆ, ಅದನ್ನು ಕಾಪಾಡೋಕೆ ಯಾವ "ಡಿಟಾಕ್ಸ್" ಪುಡಿಯೂ ಬೇಕಿಲ್ಲ ಅನ್ನೋದು ನಿಮಗೇ ಗೊತ್ತಾಗುತ್ತೆ.

ಎಲ್ಲಿದೆ, ಏನು ಮಾಡುತ್ತೆ?

ಲಿವರ್ ಅಂದರೆ ಯಕೃತ್ತು, ಪಿತ್ತಜನಕಾಂಗ. ಮಟನ್ ಅಂಗಡಿಯಲ್ಲಿ ನಾವು ಕಲೀಜ ಅಂತ ಕೇಳಿ ತರ್ತೀವಲ್ಲ, ಅದೇ ಅಂಗ. ನಮ್ಮ ದೇಹದಲ್ಲಿ ಬಲಗಡೆ ಪಕ್ಕೆಲುಬಿನ ಕೆಳಗೆ ಇರುತ್ತೆ. ದೊಡ್ಡವರಲ್ಲಿ ತೂಕ ಸುಮಾರು ಒಂದೂಕಾಲರಿಂದ ಒಂದೂವರೆ ಕೆಜಿ.

ಒಂದು ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಇದರೊಳಗೆ ಹಾದುಹೋಗುತ್ತೆ. ಅದರಲ್ಲಿ ಮುಕ್ಕಾಲು ಭಾಗ ಬರೋದು ಹೊಟ್ಟೆ ಮತ್ತು ಕರುಳಿನಿಂದ. ಅಂದರೆ ನೀವು ತಿಂದದ್ದು, ಕುಡಿದದ್ದು, ನುಂಗಿದ್ದು ದೇಹದ ಬೇರೆ ಕಡೆ ಹೋಗೋಕೆ ಮೊದಲು ಲಿವರ್ ಬಾಗಿಲಲ್ಲಿ ತಪಾಸಣೆ ಆಗಬೇಕು, ಚೆಕ್‌ಪೋಸ್ಟ್ ಇದ್ದ ಹಾಗೆ. ಚರ್ಮದಿಂದ, ಉಸಿರಿನಿಂದ ಒಳಗೆ ಹೋದ ಔಷಧಿ ಮಾತ್ರ ಈ ಚೆಕ್‌ಪೋಸ್ಟ್ ದಾಟದೆ ನೇರ ರಕ್ತಕ್ಕೆ ಸೇರುತ್ತೆ, ಆಮೇಲೆ ಸುತ್ತಿ ಬಂದು ಲಿವರ್ ಮುಟ್ಟುತ್ತೆ.

ಪಿತ್ತರಸ ತಯಾರಿಸೋದು, ಸಕ್ಕರೆ ಕೂಡಿಡೋದು, ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ರೋಟೀನ್ ತಯಾರಿಸೋದು ಎಲ್ಲ ಇದರದೇ ಕೆಲಸ. ಇವತ್ತು ನಮಗೆ ಬೇಕಾಗಿರೋದು ಅದು ವಿಷವನ್ನು ಹೊರಹಾಕೋ ಕೆಲಸ.

ಎರಡು ಹೆಜ್ಜೆಯ ಕೆಲಸ

ಹೆಚ್ಚಿನ ಕೀಟನಾಶಕಗಳು, ಎಷ್ಟೋ ಮಾತ್ರೆಗಳು ಎಣ್ಣೆಯಲ್ಲಿ ಕರಗೋ ಜಾತಿಯವು. ನೀರಲ್ಲಿ ಕರಗಲ್ಲ. ನಮ್ಮ ದೇಹಕ್ಕೆ ಕಸ ಹೊರಹಾಕೋಕೆ ಇರೋ ಮುಖ್ಯ ದಾರಿಗಳೆಂದರೆ ಮೂತ್ರ ಮತ್ತು ಪಿತ್ತರಸದ ಮೂಲಕ ಮಲ. ಮೂತ್ರದಲ್ಲಿ ಹೋಗಬೇಕಾದರೆ ನೀರಲ್ಲಿ ಕರಗಲೇಬೇಕು. ಲೇಬಲ್ ಮೇಲೆ "ಇ.ಸಿ." ಅಂತಿರೋ ಔಷಧಿ ನೀರಿಗೆ ಹಾಕಿದಾಗ ಹಾಲಿನ ಹಾಗೆ ಬೆಳ್ಳಗೆ ಬೆರೆಯುತ್ತಲ್ಲ? ಎಣ್ಣೆಯಂಥ ಔಷಧಿ ನೀರಿಗೆ ಹೊಂದಿಕೊಳ್ಳಲಿ ಅಂತ ಕಂಪನಿಯವರು ಅದಕ್ಕೆ ಬೇರೆ ಪದಾರ್ಥ ಸೇರಿಸಿರ್ತಾರೆ. ಲಿವರ್ ಮಾಡೋದೂ ಹೆಚ್ಚುಕಡಿಮೆ ಅಂಥದ್ದೇ ಕೆಲಸ, ಆದರೆ ಎರಡು ಹೆಜ್ಜೆಯಲ್ಲಿ.

ಮೊದಲ ಹೆಜ್ಜೆ: ಪಿ450 ಅನ್ನೋ ಗುಂಪಿನ ಕಿಣ್ವಗಳು ಆ ಪದಾರ್ಥವನ್ನು ಸ್ವಲ್ಪ ಕೆತ್ತಿ, ಅದಕ್ಕೊಂದು ಹಿಡಿ ಮಾಡ್ತವೆ.

ಎರಡನೇ ಹೆಜ್ಜೆ: ಆ ಹಿಡಿಗೆ ನೀರಲ್ಲಿ ಸುಲಭವಾಗಿ ಕರಗೋ ಇನ್ನೊಂದು ಪದಾರ್ಥವನ್ನು ಗಂಟು ಹಾಕ್ತವೆ. ಗ್ಲುಟಾಥಯಾನ್ ಅನ್ನೋದು ಅಂಥ ಒಂದು ಪದಾರ್ಥ. ಗಂಟು ಬಿದ್ದ ಮೇಲೆ ವಿಷದ ಆಟ ಮುಗೀತು, ಮೂತ್ರಕ್ಕೋ ಪಿತ್ತರಸಕ್ಕೋ ಸೇರಿ ಹೊರಗೆ ಹೋಗುತ್ತೆ.

ಇದು ಡಾಕ್ಟರ್ ಪುಸ್ತಕದ ಮಾತು ಅನ್ನಿಸಿದರೆ ನಿಮ್ಮ ಮೆಕ್ಕೆಜೋಳದ ಹೊಲ ನೋಡಿ. ಅಟ್ರಾಜಿನ್ ಹೊಡೆದರೆ ಕಳೆ ಸಾಯುತ್ತೆ, ಮೆಕ್ಕೆಜೋಳ ಉಳಿಯುತ್ತೆ. ಯಾಕೆ? ಮೆಕ್ಕೆಜೋಳದ ಗಿಡ ತನ್ನೊಳಗೆ ಬಂದ ಅಟ್ರಾಜಿನ್‌ಗೆ ಬೇಗ ಬೇಗ ಗ್ಲುಟಾಥಯಾನ್ ಗಂಟು ಹಾಕಿಬಿಡುತ್ತೆ. ಕಳೆಗೆ ಅಷ್ಟು ಬೇಗ ಆಗಲ್ಲ. ಅದೇ ಗ್ಲುಟಾಥಯಾನ್ ನಿಮ್ಮ ಲಿವರ್‌ನಲ್ಲೂ ಇದೆ. ಇನ್ನೊಂದು ಉದಾಹರಣೆ: ಮೊದಲೆಲ್ಲ ಒಂದು ಸಲ ಹೊಡೆದರೆ ಸಾಯ್ತಿದ್ದ ಬಿಳಿ ನೊಣ ಈಗ ಮೂರು ಸಲ ಹೊಡೆದರೂ ಬಗ್ಗಲ್ಲ. ಅದಕ್ಕಿರೋ ಕಾರಣಗಳಲ್ಲಿ ಒಂದು, ಆ ಹುಳದಲ್ಲಿ ಇದೇ ಪಿ450 ಕಿಣ್ವಗಳು ಜೋರಾಗಿರೋದು.

ಮೊದಲ ಹೆಜ್ಜೆಯಲ್ಲೇ ಇರೋ ಅಪಾಯ

ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ ಇದು. ಮೊದಲ ಹೆಜ್ಜೆ ಮುಗಿದಾಗ ಪದಾರ್ಥ ಯಾವಾಗಲೂ ಸೌಮ್ಯ ಆಗಿರಲ್ಲ. ಕೆಲವು ಸಲ ಮೊದಲಿಗಿಂತ ಖಾರ ಆಗಿರುತ್ತೆ.

ಕ್ಲೋರ್‌ಪೈರಿಫಾಸ್ ತಗೊಳ್ಳಿ, ಅಂಗಡಿಯಲ್ಲಿ ಎಲ್ಲರಿಗೂ ಪರಿಚಯ ಇರೋ ಹೆಸರು. ದೇಹದೊಳಗೆ ಹೋದ ಮೇಲೆ ಅದರ ಒಂದು ಭಾಗವನ್ನು ಲಿವರ್‌ನ ಪಿ450 ಕಿಣ್ವಗಳು "ಆಕ್ಸಾನ್" ರೂಪಕ್ಕೆ ಬದಲಾಯಿಸ್ತವೆ. ನರಗಳ ಮೇಲೆ ನಿಜವಾಗಿ ದಾಳಿ ಮಾಡೋದು ಈ ಆಕ್ಸಾನ್. ಅದನ್ನು ಒಡೆದುಹಾಕೋ ಕಿಣ್ವಗಳನ್ನೂ ಲಿವರ್ರೇ ತಯಾರಿಸುತ್ತೆ. ಒಳಗೆ ಬಂದಿರೋದು ಕಡಿಮೆ ಇದ್ದರೆ ಒಡೆಯೋ ಕಿಣ್ವ ಗೆಲ್ಲುತ್ತೆ, ಚೂರುಗಳು ಮೂತ್ರದಲ್ಲಿ ಹೋಗ್ತವೆ. ಒಂದೇ ದಿನ ಜಾಸ್ತಿ ಬಂದುಬಿಟ್ಟರೆ ಆಕ್ಸಾನ್ ಗೆಲ್ಲುತ್ತೆ. ಆಗಲೇ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜು, ಉಸಿರಾಟದ ತೊಂದರೆ ಶುರು.

ಇನ್ನು ನಾವು ಕಡಲೆಕಾಯಿ ಥರ ನುಂಗೋ ಪ್ಯಾರಾಸಿಟಮಾಲ್. ಅಳತೆಯಲ್ಲಿ ತಗೊಂಡರೆ ಇದು ಒಳ್ಳೆಯ, ಸುರಕ್ಷಿತ ಮಾತ್ರೆ. ಇದರದ್ದೂ ಒಂದು ಚಿಕ್ಕ ಭಾಗ ಮೊದಲ ಹೆಜ್ಜೆಯಲ್ಲಿ ವಿಷವಾಗಿ ಬದಲಾಗುತ್ತೆ, ಗ್ಲುಟಾಥಯಾನ್ ತಕ್ಷಣ ಅದಕ್ಕೆ ಗಂಟು ಹಾಕುತ್ತೆ, ಏನೂ ಆಗಲ್ಲ. ಆದರೆ ಮಾತ್ರೆ ಅತಿಯಾದರೆ ಗ್ಲುಟಾಥಯಾನ್ ಖಾಲಿ. ಆಗ ಆ ವಿಷ ಲಿವರ್‌ನ ಜೀವಕೋಶಗಳನ್ನೇ ಸುಡುತ್ತೆ. ದಿನಾ ಕುಡಿಯೋರಲ್ಲಿ ಎರಡು ತೊಂದರೆ ಒಟ್ಟಿಗೆ: ವಿಷ ತಯಾರಿಸೋ ಕಿಣ್ವ ಜಾಸ್ತಿ ಇರುತ್ತೆ, ಗ್ಲುಟಾಥಯಾನ್ ಕಡಿಮೆ ಇರುತ್ತೆ. ಸರಿಯಾಗಿ ಊಟ ಮಾಡದವರಲ್ಲೂ ಗ್ಲುಟಾಥಯಾನ್ ಕಡಿಮೆಯೇ.

ಲೆಕ್ಕ ನೆನಪಿಡಿ. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ ಪ್ಯಾರಾಸಿಟಮಾಲ್ 4 ಗ್ರಾಂ ದಾಟಬಾರದು. ಅಂದರೆ 500 ಮಿಲಿಗ್ರಾಂ ಮಾತ್ರೆ ಎಂಟು, 650 ಮಿಲಿಗ್ರಾಂದು ಆರು, ಅದೂ ತುಂಬಾ ಅಗತ್ಯ ಇದ್ದರೆ. ದಿನಾ ಕುಡಿಯೋರು, ತೂಕ ಕಡಿಮೆ ಇರೋರು, ಮೊದಲೇ ಲಿವರ್ ತೊಂದರೆ ಇರೋರು 2 ಗ್ರಾಂ ಒಳಗೇ ಇರಬೇಕು, ಡಾಕ್ಟರ್ ಕೇಳಿಯೇ ತಗೋಬೇಕು. ನೆಗಡಿ ಮಾತ್ರೆ, ಮೈಕೈ ನೋವಿನ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತೆ. ಹಾಗಾಗಿ ಪಟ್ಟಿಯ ಹಿಂದೆ ಬರೆದಿರೋದನ್ನು ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ.

ಯಾರಾದರೂ ಜಾಸ್ತಿ ನುಂಗಿದ್ದರೆ "ಆರಾಮಾಗಿದ್ದಾನಲ್ಲ" ಅಂತ ಕಾಯಬೇಡಿ. ಮೊದಲ ದಿನ ಏನೂ ಕಾಣಿಸದೇ ಇರಬಹುದು. ಇದಕ್ಕೆ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ, ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ.

ಕ್ವಾರ್ಟರ್ ಲೆಕ್ಕ

ಬಾಟಲಿ ಮೇಲೆ 42.8% ಅಂತ ಬರೆದಿರುತ್ತೆ. 180 ಎಂ.ಎಲ್. ಕ್ವಾರ್ಟರ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 60 ಗ್ರಾಂ. ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಅಂದರೆ ರಾತ್ರಿ ಒಂಬತ್ತಕ್ಕೆ ಮುಗಿಸಿದ ಒಂದು ಕ್ವಾರ್ಟರ್ ಪೂರ್ತಿ ಹೊರಹೋಗೋಕೆ ಆರರಿಂದ ಎಂಟು ಗಂಟೆ ಬೇಕು. ಬೆಳಗ್ಗೆ ಐದಕ್ಕೆ ನೀವು ಎದ್ದು ಪಂಪ್‌ಗೆ ನೀರು ತುಂಬೋವಾಗಲೂ ಲಿವರ್ ರಾತ್ರಿಯ ಪಾಳಿ ಮುಗಿಸಿರೋದು ಅನುಮಾನ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಈ ವೇಗ ಹೆಚ್ಚಿಸಲ್ಲ.

"ನಾನು ಬೀರ್ ಮಾತ್ರ ಕುಡಿಯೋದು" ಅನ್ನೋರಿಗೂ ಒಂದು ಲೆಕ್ಕ. 650 ಎಂ.ಎಲ್. ಸ್ಟ್ರಾಂಗ್ ಬೀರ್ ಬಾಟಲಿಯಲ್ಲಿ ಆಲ್ಕೋಹಾಲ್ ಹತ್ತಿರ ಹತ್ತಿರ 40 ಗ್ರಾಂ, ಕ್ವಾರ್ಟರ್‌ನ ಮೂರರಲ್ಲಿ ಎರಡು ಪಾಲು. ಲಿವರ್‌ಗೆ ಬ್ರಾಂಡ್ ಗೊತ್ತಾಗಲ್ಲ, ಗ್ರಾಂ ಮಾತ್ರ ಗೊತ್ತಾಗುತ್ತೆ.

ಆಲ್ಕೋಹಾಲ್‌ನಲ್ಲೂ ಅದೇ ಕಥೆ. ಮೊದಲ ಹೆಜ್ಜೆಯಲ್ಲಿ ಅದು ಅಸಿಟಾಲ್ಡಿಹೈಡ್ ಆಗುತ್ತೆ, ಇದು ಆಲ್ಕೋಹಾಲ್‌ಗಿಂತ ಕೆಟ್ಟದ್ದು. ಎರಡನೇ ಹೆಜ್ಜೆಯಲ್ಲಿ ಸೌಮ್ಯವಾಗುತ್ತೆ. ದಿನಾ ಕುಡಿದರೆ ಮೊದಲು ಲಿವರ್‌ನಲ್ಲಿ ಕೊಬ್ಬು ತುಂಬುತ್ತೆ, ಆಮೇಲೆ ಉರಿಯೂತ, ಕೊನೆಗೆ ಗಾಯದ ಕಲೆ ಗಟ್ಟಿಯಾಗಿ ಸಿರೋಸಿಸ್. ಕೊಬ್ಬಿನ ಹಂತದಲ್ಲಿ ಬಿಟ್ಟರೆ ಲಿವರ್ ಕೆಲವೇ ವಾರಗಳಲ್ಲಿ ಸುಧಾರಿಸುತ್ತೆ. ಸಿರೋಸಿಸ್ ಆದ ಮೇಲೆ ಪೂರ್ತಿ ಮೊದಲಿನಂತೆ ಆಗೋದು ಕಷ್ಟ, ಆದರೆ ಆಗಲೂ ಕುಡಿತ ಬಿಟ್ಟವರು ಹೆಚ್ಚು ದಿನ ಬದುಕ್ತಾರೆ.

ಔಷಧಿ ಹೊಡೆದ ದಿನ ಕುಡಿಯೋದು ಇನ್ನೂ ಅಪಾಯ, ಅದಕ್ಕೆ ಇನ್ನೊಂದು ಕಾರಣ ಇದೆ. ಕೀಟನಾಶಕದ ವಿಷ ಏರಿದಾಗ ತಲೆ ಸುತ್ತೋದು, ವಾಂತಿ, ತೊದಲು ಮಾತು, ನಡಿಗೆ ತಪ್ಪೋದು ಇವೆಲ್ಲ ಆಗಬಹುದು. ಕುಡಿದವರಲ್ಲೂ ಅದೇ ಲಕ್ಷಣ. ಮನೆಯವರು "ಜಾಸ್ತಿ ಆಗಿದೆ, ಮಲಗಲಿ ಬಿಡು" ಅಂತ ಹೊದಿಕೆ ಹೊದಿಸಿ ಮಲಗಿಸಿಬಿಡ್ತಾರೆ. ಆಸ್ಪತ್ರೆಗೆ ಹೋಗಬೇಕಿದ್ದ ಹೊತ್ತು ಆ ನಿದ್ದೆಯಲ್ಲೇ ಕಳೆದುಹೋಗುತ್ತೆ. ಆಲ್ಕೋಹಾಲ್ ಔಷಧಿಯ ವಿಷ ಇಳಿಸುತ್ತೆ ಅನ್ನೋದು ಶುದ್ಧ ಸುಳ್ಳು. ಅದು ವಿಷದ ಲಕ್ಷಣವನ್ನು ಮುಚ್ಚಿಡುತ್ತೆ, ಅಷ್ಟೇ. ಬೆಲ್ಲ, ಹಾಲು, ಬಾಳೆಹಣ್ಣು ತಿಂದರೂ ರಕ್ತಕ್ಕೆ ಸೇರಿದ ಔಷಧಿ ಇಳಿಯಲ್ಲ.

ಬೂಷ್ಟು ಹಿಡಿದ ಕಾಳು

ಲಿವರ್‌ಗೆ ವಿಷ ಬಾಟಲಿಯಲ್ಲೇ ಬರಬೇಕು ಅಂತೇನಿಲ್ಲ. ನಮ್ಮ ಕಣಜದಿಂದಲೂ ಬರುತ್ತೆ. ಶೇಂಗಾ, ಮೆಕ್ಕೆಜೋಳ, ಒಣ ಮೆಣಸಿನಕಾಯಿ, ಕೊಬ್ಬರಿ ಸರಿಯಾಗಿ ಒಣಗದಿದ್ದರೆ ಹಸಿರು ಹಳದಿ ಬೂಷ್ಟು ಹಿಡಿಯುತ್ತೆ. ಅದರಲ್ಲಿ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರ ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತೆ. ಲಿವರ್‌ನ ಮೊದಲ ಹೆಜ್ಜೆ ಇದನ್ನೂ ಇನ್ನಷ್ಟು ಖಾರ ಮಾಡುತ್ತೆ. ಆ ರೂಪ ಹೋಗಿ ಜೀವಕೋಶದ ಡಿಎನ್‌ಎಗೇ ಅಂಟಿಕೊಳ್ಳುತ್ತೆ, ಲಿವರ್ ಕ್ಯಾನ್ಸರ್‌ಗೆ ದಾರಿ ಮಾಡುತ್ತೆ. ಹೆಪಟೈಟಿಸ್ ಬಿ ಸೋಂಕು ಇರೋರಲ್ಲಿ ಈ ಅಪಾಯ ಹಲವು ಪಟ್ಟು ಏರುತ್ತೆ.

1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಗಡಿಭಾಗದ ಹಳ್ಳಿಗಳಲ್ಲಿ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂತು. ಬೂಷ್ಟು ಹಿಡಿದ ಮೆಕ್ಕೆಜೋಳವನ್ನೇ ಬಡ ಕುಟುಂಬಗಳು ತಿನ್ನಬೇಕಾಯಿತು. ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ರೊಟ್ಟಿ ತಿಂದ ಊರಿನ ನಾಯಿಗಳೂ ಸತ್ತವು. ನಮ್ಮ ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ, ಚಳ್ಳಕೆರೆ, ಪಾವಗಡ ಕಡೆ ಶೇಂಗಾ ಬೆಳೆಯೋರು ಈ ಕಥೆ ಮರೆಯಬಾರದು.

ಏನು ಮಾಡಬಹುದು?

- ಮೆಕ್ಕೆಜೋಳದ ತೇವಾಂಶ 13%ಕ್ಕಿಂತ, ಶೇಂಗಾ ಕಾಯಿದು 8–9%ಕ್ಕಿಂತ ಕೆಳಗೆ ಇಳಿಯೋವರೆಗೆ ಒಣಗಿಸಿ. ಶೇಂಗಾ ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು.
- ಬರೀ ನೆಲದ ಮೇಲೆ ಬೇಡ, ತಾಡಪಾಲು ಹಾಸಿ ಒಣಗಿಸಿ. ಚೀಲವನ್ನು ಗೋಡೆಗೆ ತಾಗಿಸದೆ ಹಲಗೆ ಮೇಲೆ ಜೋಡಿಸಿ.
- ಸುಕ್ಕಾದ, ಬಣ್ಣ ಕೆಟ್ಟ, ಹುಳ ಕೊರೆದ ಬೀಜ ಆರಿಸಿ ತೆಗೆಯಿರಿ. ವಿಷದ ಹೆಚ್ಚಿನ ಪಾಲು ಅಂಥ ಬೀಜದಲ್ಲೇ ಇರುತ್ತೆ.
- "ಹುರಿದರೆ, ಬೇಯಿಸಿದರೆ ಹೋಗುತ್ತೆ" ಅನ್ನೋದು ತಪ್ಪು. ಅಡುಗೆಯ ಬಿಸಿಗೆ ಅಫ್ಲಾಟಾಕ್ಸಿನ್ ಪೂರ್ತಿ ನಾಶ ಆಗಲ್ಲ. ಆರಿಸಿ ತೆಗೆದ ಬೀಜವನ್ನು ಗಾಣಕ್ಕೂ ಹಾಕಬೇಡಿ.
- "ದನಕ್ಕೆ ಹಾಕೋಣ" ಅನ್ನಬೇಡಿ. ಬೂಷ್ಟು ಹಿಡಿದ ಹಿಂಡಿ, ಕಾಳು ತಿಂದ ಹಸುವಿನ ಹಾಲಿಗೆ ಈ ವಿಷ ಬೇರೆ ರೂಪದಲ್ಲಿ ಇಳಿಯುತ್ತೆ. ಆ ಹಾಲು ಮತ್ತೆ ನಿಮ್ಮ ಮನೆ ಮಕ್ಕಳ ಲೋಟಕ್ಕೇ ಬರುತ್ತೆ.

ನೀರು, ಬ್ಲೇಡು, ಗದ್ದೆಯ ಕೆಸರು

ಕಾಮಾಲೆ, ಅಂದರೆ ಜಾಂಡೀಸ್, ಒಂದು ಕಾಯಿಲೆಯ ಹೆಸರಲ್ಲ. ಲಿವರ್‌ಗೆ ಅಥವಾ ಪಿತ್ತನಾಳಕ್ಕೆ ತೊಂದರೆ ಆಗಿದೆ, ಕೆಲವು ಸಲ ರಕ್ತಕಣಗಳು ಬೇಗ ಒಡೀತಿವೆ ಅಂತ ಹೇಳೋ ಲಕ್ಷಣ. ಕಾರಣ ಬೇರೆ ಬೇರೆ.

ಹೆಪಟೈಟಿಸ್ ಎ ಮತ್ತು ಇ ಬರೋದು ಕೊಳಕು ನೀರಿನಿಂದ. ಮಳೆಗಾಲದಲ್ಲಿ, ಜಾತ್ರೆ ಸಮಯದಲ್ಲಿ ನೀರು ಕುದಿಸಿ ಕುಡಿಯೋದೇ ದೊಡ್ಡ ರಕ್ಷಣೆ. ಹೆಚ್ಚಿನವರಲ್ಲಿ ತಾನಾಗೇ ವಾಸಿಯಾಗುತ್ತೆ. ಆದರೆ ಬಸುರಿಯರಲ್ಲಿ ಹೆಪಟೈಟಿಸ್ ಇ ಪ್ರಾಣಕ್ಕೇ ಕುತ್ತು ತರಬಹುದು, ಅವರಿಗೆ ಕಾಮಾಲೆ ಕಂಡರೆ ಅದೇ ದಿನ ಆಸ್ಪತ್ರೆ.

ಹೆಪಟೈಟಿಸ್ ಬಿ ಮತ್ತು ಸಿ ಹರಡೋದು ರಕ್ತದಿಂದ. ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳಿ, ನಾಚಿಕೆ ಬೇಡ. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಎಲ್ಲರಿಗೂ ಹಾಕೋ ಹಚ್ಚೆ ಬೇಡ. ಬಿ ಸೋಂಕು ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೂ ಬರುತ್ತೆ. ಇದಕ್ಕೆ ಲಸಿಕೆ ಇದೆ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಒಟ್ಟು ಮೂರು ಡೋಸ್. ಚಿಕ್ಕಂದಿನಲ್ಲಿ ಹಾಕಿಸಿದ್ದಾರೋ ಇಲ್ಲವೋ ಗೊತ್ತಿಲ್ಲದಿದ್ದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಕೇಳಿ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ ಬಹುತೇಕರಿಗೆ ಪೂರ್ತಿ ವಾಸಿಯಾಗುತ್ತೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಪರೀಕ್ಷೆ, ಚಿಕಿತ್ಸೆ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಭತ್ತದ ಗದ್ದೆ, ಕಬ್ಬಿನ ಗದ್ದೆ, ತೋಟದ ಬಸಿಗಾಲುವೆಯಲ್ಲಿ ಬರಿಗಾಲಲ್ಲಿ ಇಳಿಯೋರಿಗೆ ಇನ್ನೊಂದು ಅಪಾಯ ಇಲಿ ಜ್ವರ. ಇಲಿ ಮೂತ್ರ ಬಿದ್ದ ನೀರಿನಿಂದ ಕಾಲಿನ ಗಾಯದ ಮೂಲಕ ಒಳಗೆ ಹೋಗುತ್ತೆ. ಜೋರು ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕೆಂಪು ಕಣ್ಣು, ಆಮೇಲೆ ಕಾಮಾಲೆ. ಬೇಗ ಹೋದರೆ ಮಾಮೂಲಿ ಆಂಟಿಬಯೋಟಿಕ್‌ನಲ್ಲೇ ಗುಣ. ಡಾಕ್ಟರ್ ಹತ್ತಿರ ಹೋದಾಗ "ಗದ್ದೆಯಲ್ಲಿ ಕೆಲಸ ಮಾಡ್ತೀನಿ" ಅಂತ ಮರೆಯದೆ ಹೇಳಿ. ಆ ಒಂದು ಮಾತಿನಿಂದ ರೋಗ ಬೇಗ ಸಿಗುತ್ತೆ.

ಕುಡಿಯದವರಿಗೂ ಫ್ಯಾಟಿ ಲಿವರ್

"ನನಗೆ ಯಾವ ಚಟವೂ ಇಲ್ಲ, ಆದರೂ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ" ಅನ್ನೋ ಹುಡುಗರು ಈಗ ಹಳ್ಳಿಯಲ್ಲೂ ಇದ್ದಾರೆ. ಅಪ್ಪಂದಿರು ನೇಗಿಲ ಹಿಂದೆ ನಡೆದರು, ನಾವು ಟ್ರ್ಯಾಕ್ಟರ್ ಮೇಲೆ ಕೂತಿದ್ದೀವಿ. ಹೊಲಕ್ಕೆ ಬೈಕು, ಅಂಗಡಿಗೆ ಬೈಕು. ದಿನಕ್ಕೆ ಆರು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದರೂ ಹನ್ನೆರಡು ಚಮಚ ಆಯಿತು. ಮೇಲೊಂದು ಕೂಲ್ ಡ್ರಿಂಕ್ಸ್. ಹೆಚ್ಚಾದ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡಿ ತನ್ನಲ್ಲೇ ಕೂಡಿಡುತ್ತೆ. 2021ರಲ್ಲಿ ಕೇಂದ್ರ ಸರ್ಕಾರ ಈ ಕಾಯಿಲೆಯನ್ನು ಸಕ್ಕರೆ ಕಾಯಿಲೆ, ಹೃದಯರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೇ ಸೇರಿಸಿದೆ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ತೂಕ ಜಾಸ್ತಿ ಇರೋರು 7–10% ಇಳಿಸಿದರೆ ಲಿವರ್ ಎದ್ದು ಕಾಣೋಷ್ಟು ಸುಧಾರಿಸುತ್ತೆ. 80 ಕೆಜಿ ಇರೋರಿಗೆ ಆರರಿಂದ ಎಂಟು ಕೆಜಿ, ನಿಧಾನವಾಗಿ, ಆರೇಳು ತಿಂಗಳಲ್ಲಿ. ಅನ್ನ ಸ್ವಲ್ಪ ಕಡಿಮೆ, ಕಾಳು, ಸೊಪ್ಪು ಜಾಸ್ತಿ. ಇನ್ನೊಂದು ಸಿಹಿ ಸುದ್ದಿ, ಸಕ್ಕರೆ ಹಾಕದೆ: ದಿನಾ ಎರಡು ಮೂರು ಕಪ್ ಕಾಫಿ ಕುಡಿಯೋರಲ್ಲಿ ಲಿವರ್ ಕಾಯಿಲೆ ಕಡಿಮೆ ಅಂತ ಬೇರೆ ಬೇರೆ ದೇಶದ ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ.

ನಾಟಿ ಔಷಧಿ, ಡಿಟಾಕ್ಸ್ ಜ್ಯೂಸ್

ಕಾಮಾಲೆಗೆ ಊರೂರಲ್ಲಿ ನಾಟಿ ಔಷಧಿ ಕೊಡೋರು ಇದ್ದಾರೆ. ಅವರಲ್ಲಿ ಹಲವರು ದುಡ್ಡಿಗಾಗಿ ಮಾಡೋರಲ್ಲ, ನಂಬಿಕೆಯಿಂದ ಕೊಡ್ತಾರೆ. ಆದರೆ ಒಂದು ಯೋಚಿಸಿ. ನೀರಿನಿಂದ ಬರೋ ಕಾಮಾಲೆ ಔಷಧಿ ಇಲ್ಲದೆಯೂ ಕೆಲವು ವಾರಗಳಲ್ಲಿ ಇಳಿಯುತ್ತೆ. ಆ ಹೆಸರು ಔಷಧಿಗೆ ಹೋಗುತ್ತೆ. ಇಲಿ ಜ್ವರ, ಪಿತ್ತನಾಳದ ಕಲ್ಲು, ಸಿರೋಸಿಸ್‌ನಿಂದ ಬಂದ ಕಾಮಾಲೆಗೂ ಅದೇ ಔಷಧಿ ಅಂತ ಮೂರು ವಾರ ಕಾದರೆ ಹೋಗೋದು ಜೀವ. ಕೈ ತೊಳೆಸಿ ಹಳದಿ ನೀರು ಇಳಿಸೋದನ್ನು ನೋಡಿದ್ದೀರಾ? ಕಾಮಾಲೆಯ ಹಳದಿ ಅಂಗೈ ಚರ್ಮದಿಂದ ನೀರಿಗೆ ಇಳಿಯಲ್ಲ, ಆ ಬಣ್ಣ ನೀರಿಗೆ ಹಾಕಿದ ಪದಾರ್ಥದ್ದು. ಬರೆ ಹಾಕಿಸೋದಂತೂ ಬೇಡವೇ ಬೇಡ.

ಗಿಡಮೂಲಿಕೆ ಅಂದ ಮಾತ್ರಕ್ಕೆ ಲಿವರ್‌ಗೆ ಹಗುರ ಅಂತಲ್ಲ. ಅದನ್ನೂ ಲಿವರ್ ಅದೇ ಎರಡು ಹೆಜ್ಜೆಯಲ್ಲಿ ಸಾಗಿಸಬೇಕು. ಕೊರೊನಾ ಸಮಯದಲ್ಲಿ ದಿನಾ ಅಮೃತಬಳ್ಳಿ ಕಷಾಯ ಕುಡಿದ ಕೆಲವರಲ್ಲಿ ಲಿವರ್ ಊತ ಕಂಡಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ತಿಂಗಳುಗಟ್ಟಲೆ ಕಷಾಯ, ಭಸ್ಮ, ಜಿಮ್ ಪುಡಿ ತಗೊಳ್ಳೋರು ಡಾಕ್ಟರ್‌ಗೆ ಅದನ್ನು ಹೇಳಲೇಬೇಕು. ಇನ್ನು ಮೊಬೈಲಲ್ಲಿ ಬರೋ "7 ದಿನದಲ್ಲಿ ಲಿವರ್ ಕ್ಲೀನ್" ಜಾಹೀರಾತು. ಲಿವರ್ ತುಂಬಿದ ಫಿಲ್ಟರ್ ಅಲ್ಲ, ಬಿಚ್ಚಿ ತೊಳೆಯೋಕೆ. ಅದು ದಿನದ ಕೆಲಸ ದಿನವೇ ಮಾಡುತ್ತೆ. ಬೇಕಾಗಿರೋದು ಕೆಲಸ ಕಡಿಮೆ ಮಾಡಿಕೊಡೋದು.

ಔಷಧಿ ಹೊಡೆಯೋ ದಿನದ ಪಾಠ

- ಲೇಬಲ್‌ನ ತ್ರಿಕೋನ ನೋಡಿ. ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೂ ವಿಷವೇ, ಕಡಿಮೆ ಅಷ್ಟೇ. ಅದೇ ಕೆಲಸಕ್ಕೆ ನೀಲಿ ಅಥವಾ ಹಸಿರು ಸಿಗುತ್ತಾ ಅಂತ ಕೇಳಿ.
- ಬಾಟಲಿ ತೆರೆಯೋ ಮೊದಲೇ ಲೇಬಲ್ ಫೋಟೋ ತೆಗೆದು ಮನೆಯವರ ವಾಟ್ಸ್ಆ್ಯಪ್‌ಗೆ ಹಾಕಿ. ಏನಾದರೂ ಆದರೆ ಡಾಕ್ಟರ್ ಮೊದಲು ಕೇಳೋದೇ "ಯಾವ ಔಷಧಿ?" ಅಂತ.
- ಅತಿ ಹೆಚ್ಚು ಅಪಾಯ ಇರೋದು ಹೊಡೆಯುವಾಗಲ್ಲ, ಗಟ್ಟಿ ಔಷಧಿ ಅಳೆದು ಬೆರೆಸುವಾಗ. ಆಗ ನೈಟ್ರೈಲ್ ಗ್ಲೌಸ್ ಇರಲೇಬೇಕು. ಬಟ್ಟೆ ಗ್ಲೌಸ್ ಔಷಧಿ ಹೀರಿ ಕೈಗೇ ಹಿಡಿದಿಡುತ್ತೆ.
- ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್, ಬೂಟು, ಮಾಸ್ಕ್, ಕಣ್ಣಿಗೆ ಕನ್ನಡಕ. ಗಾಳಿ ಬೆನ್ನ ಹಿಂದಿನಿಂದ ಇರಲಿ. ಲೀಕ್ ಆಗೋ ಪಂಪ್ ಬೆನ್ನಿಗೇರಿಸಬೇಡಿ. ಒದ್ದೆ ಬಟ್ಟೆಯ ಮೂಲಕ, ಅದರಲ್ಲೂ ತೊಡೆಸಂದಿಯ ಚರ್ಮದ ಮೂಲಕ, ಔಷಧಿ ಬೇಗ ಒಳಗೆ ಇಳಿಯುತ್ತೆ.
- ನಾಝಲ್ ಕಟ್ಟಿದರೆ ಬಾಯಿಂದ ಊದಬೇಡಿ. ಮಧ್ಯದಲ್ಲಿ ಬೀಡಿ, ಗುಟ್ಕಾ, ತಿಂಡಿ ಬೇಡ.
- ಮುಗಿದ ತಕ್ಷಣ ಸೋಪು ಹಚ್ಚಿ ತಲೆ ಸಮೇತ ಸ್ನಾನ. ಆ ಬಟ್ಟೆ ಬೇರೆಯಾಗಿ ತೊಳೆಯಬೇಕು, ತೊಳೆಯೋರ ಕೈಗೂ ಗ್ಲೌಸ್ ಇರಲಿ. ಅವರದ್ದೂ ಲಿವರ್ರೇ.
- ಆ ದಿನ ಹೊಟ್ಟೆ ತುಂಬ ಊಟ, ಸಾಕಷ್ಟು ನೀರು. ಹಿಂದಿನ ರಾತ್ರಿಯೂ ಆ ರಾತ್ರಿಯೂ ಕುಡಿತ ಬೇಡ. ತಲೆನೋವು ಬಂದರೆ ಮಾತ್ರೆ ನುಂಗಿ ಮತ್ತೆ ಹೊಲಕ್ಕೆ ಹೋಗಬೇಡಿ. ಅದು ನಿಲ್ಲಿಸು ಅಂತ ದೇಹ ಕೊಡೋ ಸೂಚನೆ.
- ಔಷಧಿಯನ್ನು ನೀರಿನ ಬಾಟಲಿಗೆ ಸುರಿದಿಡಬೇಡಿ. ಇಲಿ ಪಾಷಾಣದ ಪೇಸ್ಟ್ ಮಕ್ಕಳ ಕೈಗೆ ಸಿಗದ ಹಾಗೆ ಬೀಗದೊಳಗಿರಲಿ. ಹಳದಿ ರಂಜಕ ಇರೋ ಪೇಸ್ಟ್ ಬಾಯಿಗೆ ಹೋದರೆ ಒಂದೆರಡು ದಿನ ಮಗು ಆರಾಮಾಗಿರೋ ಹಾಗೆ ಕಾಣಬಹುದು, ಆಮೇಲೆ ಲಿವರ್ ಕೈಕೊಡುತ್ತೆ. ಅನುಮಾನ ಬಂದ ಕ್ಷಣವೇ ಆಸ್ಪತ್ರೆ.

ವಿಷ ಏರಿದ ಲಕ್ಷಣ ಕಂಡರೆ ಬಟ್ಟೆ ತೆಗೆದು ಸೋಪು ನೀರಲ್ಲಿ ಮೈ ತೊಳೆಯಿರಿ. ಮಗ್ಗುಲಾಗಿ ಮಲಗಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಬಾಟಲಿ ಅಥವಾ ಫೋಟೋ ಜೊತೆಗೆ ಒಯ್ಯಿರಿ. ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117, ಫೋನಲ್ಲಿ ಉಳಿಸಿಕೊಳ್ಳಿ.

ಯಾವಾಗ ಪರೀಕ್ಷೆ?

ಲಿವರ್ ಒಳಗೆ ನೋವಿನ ನರಗಳು ಇಲ್ಲ ಅನ್ನಬಹುದು. ಅದು ಊದಿಕೊಂಡು ಮೇಲಿನ ಪೊರೆ ಬಿಗಿದಾಗ ಮಾತ್ರ ಭಾರ ಅನ್ನಿಸುತ್ತೆ. ಹಾಗಾಗಿ ನೋವಿಲ್ಲ ಅಂದರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಊಟ ಸೇರದಿರೋದು, ಕಾಲು ಊತ, ಹೊಟ್ಟೆ ಉಬ್ಬರ ಕಂಡರೆ ತಡ ಮಾಡಬೇಡಿ. ರಕ್ತ ವಾಂತಿ, ಕಪ್ಪು ಮಲ, ಮಂಪರು, ಅಸಂಬದ್ಧ ಮಾತು ಇದ್ದರೆ ಅದು ತುರ್ತು.

ವರ್ಷಕ್ಕೊಮ್ಮೆ ಎಲ್‌ಎಫ್‌ಟಿ ರಕ್ತ ಪರೀಕ್ಷೆ ಮಾಡಿಸಬಹುದು. ಎಸ್‌ಜಿಪಿಟಿ, ಎಸ್‌ಜಿಒಟಿ ಏರಿದ್ದರೆ ಜೀವಕೋಶಕ್ಕೆ ಪೆಟ್ಟು ಬಿದ್ದಿದೆ ಅಂತ. ಬಿಲಿರುಬಿನ್ ಕಾಮಾಲೆಯ ಅಳತೆ. ಆಲ್ಬುಮಿನ್ ಲಿವರ್‌ನ ತಯಾರಿಕಾ ಶಕ್ತಿಯ ಸುಳಿವು. ಒಂದು ಎಚ್ಚರ: ಔಷಧಿ ಹೊಡೆಯೋರ ಮೈಗೆ ಆರ್ಗನೋಫಾಸ್ಫೇಟ್ ಎಷ್ಟು ಏರಿದೆ ಅಂತ ಎಲ್‌ಎಫ್‌ಟಿ ಹೇಳಲ್ಲ, ಅದಕ್ಕೆ ಕೋಲಿನ್‌ಎಸ್ಟರೇಸ್ ಅನ್ನೋ ಬೇರೆ ರಕ್ತ ಪರೀಕ್ಷೆ ಇದೆ.

ಲಿವರ್ ಕ್ಷಮಿಸೋ ಅಂಗ. ಆರೋಗ್ಯವಾಗಿದ್ದರೆ ಅರ್ಧಕ್ಕಿಂತ ಹೆಚ್ಚು ಕತ್ತರಿಸಿ ತೆಗೆದರೂ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತೆ. ಅದಕ್ಕೇ ಅಪ್ಪ ಮಗನಿಗೆ, ಹೆಂಡತಿ ಗಂಡನಿಗೆ ಲಿವರ್‌ನ ಭಾಗ ಕೊಡೋಕೆ ಆಗೋದು. ಆದರೆ ಕಲೆಗಟ್ಟಿದ ಲಿವರ್‌ಗೆ ಆ ಶಕ್ತಿ ಇರಲ್ಲ, ಉಪ್ಪು ಏರಿದ ನೆಲದ ಹಾಗೆ.

ಎತ್ತಿಗೆ ಮೂರು ಹೊಲದ ಉಳುಮೆ ಒಂದೇ ದಿನ ಯಾರೂ ಮಾಡಿಸಲ್ಲ. ನಾಳೆ ಔಷಧಿ ಹೊಡೆಯೋದಿದ್ದರೆ ಇವತ್ತು ರಾತ್ರಿ ಗೆಳೆಯರ ಫೋನ್ ಬಂದಾಗ "ನಾಳೆ ಪಂಪ್ ಇದೆ ಕಣೋ, ಇವತ್ತು ಬೇಡ" ಅಂದುಬಿಡಿ. ಆಮೇಲೆ ಈ ಲೇಖನವನ್ನು ಅವರಿಗೂ ಕಳಿಸಿ.